ಕಪ್ಪಾಗದ ಬಾಟಲಿ

ಶಾಲೆಯ ವಾರ್ಷಿಕ ಸಂಚಿಕೆಗೆ ತೀರಿಹೋದ ಮೇಡಂ ಬಗ್ಗೆ ಅರ್ಧ ಪುಟ ಬರೆದುಕೊಡಿ ಅಂದರು. ಬರೆದುಕೊಟ್ಟೆ. ಶಿಸ್ತಿನ ಸಿಪಾಯಿ, ಮಕ್ಕಳ ಪಾಲಿನ ತಾಯಿ, ತುಂಬಲಾರದ ನಷ್ಟ, ಈ ಮೂರೂ ಮಾತು ಅದರಲ್ಲಿವೆ. ಅವರು ಸಿಪಾಯಿಯಾಗಿರಲಿಲ್ಲ. ಮಕ್ಕಳ ತಲೆ ಸವರಿದ್ದನ್ನು ನಾನು ಒಂದು ದಿನವೂ ಕಂಡಿಲ್ಲ. ಇನ್ನು ನಷ್ಟದ ಮಾತಿಗೆ ಬಂದರೆ, ಅವರು ತೀರಿಕೊಳ್ಳುವುದಕ್ಕೆ ಎಷ್ಟೋ ವರ್ಷ ಮೊದಲೇ ಶಾಲೆ ಅದನ್ನು ತುಂಬಿಕೊಂಡಿತ್ತು. ತುಂಬಿದವನು ನಾನೇ.

ನಮ್ಮದು ಜೆ.ಪಿ. ನಗರದ ಅಂಚಿನಲ್ಲಿ, ಜರಗನಹಳ್ಳಿಗೆ ಬೆನ್ನು ಹಾಕಿಕೊಂಡು ನಿಂತಿರುವ ಒಂದು ಖಾಸಗಿ ಶಾಲೆ. ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರು ಇಬ್ಬರು. ಫಿಸಿಕ್ಸು, ಗಣಿತ ನನ್ನ ಪಾಲು. ಕೆಮಿಸ್ಟ್ರಿ, ಬಯಾಲಜಿ ಅವರ ಪಾಲು. ನಾನು ಸೇರುವ ಹೊತ್ತಿಗೆ ಅವರು ಅಲ್ಲಿ ಹನ್ನೆರಡು ವರ್ಷ ಕಳೆದಿದ್ದರು. ಎಲ್ಲರೂ ಮೇಡಂ ಅಂತಲೇ ಕರೆಯುತ್ತಿದ್ದರು. ಶಾಲೆಯಲ್ಲಿ ಇನ್ನೂ ಹದಿನೈದು ಜನ ಮೇಡಂಗಳಿದ್ದರೂ, ಹೆಸರು ಸೇರಿಸದೆ ಬರೀ 'ಮೇಡಂ' ಅಂದರೆ ಅವರೊಬ್ಬರೇ.

ಐದಡಿಗೂ ಒಂದು ಬೆರಳು ಕಡಿಮೆ ಎತ್ತರ. ಕಾಟನ್ ಸೀರೆ, ನೆರಿಗೆಯ ಮೇಲೆಲ್ಲ ಆಸಿಡ್ ಹನಿ ಬಿದ್ದು ಆದ ಸಣ್ಣ ಸಣ್ಣ ತೂತು. ಕುಮಾರಸ್ವಾಮಿ ಲೇಔಟಿನಿಂದ ಹಳೇ ಸ್ಕೂಟಿಯಲ್ಲಿ ಬರುತ್ತಿದ್ದರು. ಮುಂದಿನ ಕೊಕ್ಕೆಗೆ ನೇತುಹಾಕಿದ ಚೀಲದಲ್ಲಿ ಈರುಳ್ಳಿ, ನಿಂಬೆಹಣ್ಣು, ಅಡುಗೆ ಸೋಡ, ಯಾರದೋ ಕಾಂಪೌಂಡಿನಿಂದ ಕಿತ್ತ ದಾಸವಾಳ, ಒಂದು ಪ್ಯಾಕೆಟ್ ಬ್ಲೇಡು. "ಏನ್ ಮೇಡಂ, ಮಾರ್ಕೆಟ್ಟಿಂದ ಬರ್ತಿದೀರಾ?" ಅಂತ ಸ್ಟಾಫ್ ರೂಮಿನಲ್ಲಿ ಯಾರಾದರೂ ತಮಾಷೆ ಮಾಡಿದರೆ, "ಇಲ್ಲ, ಲ್ಯಾಬಿಗೆ ಹೋಗ್ತಿದೀನಿ. ನಿಮಗೆ ದಾರಿ ಗೊತ್ತಿರಲ್ಲ ಬಿಡಿ" ಅನ್ನುತ್ತಿದ್ದರು. ನಗುತ್ತಿರಲಿಲ್ಲ.

ದಾರಿ ನಮಗೆ ನಿಜವಾಗಿಯೂ ಗೊತ್ತಿರಲಿಲ್ಲ. ಎರಡನೇ ಮಹಡಿಯ ಕೊನೆಯ ಕೋಣೆ ಅದು. ಬೇರೆ ಶಾಲೆಗಳಲ್ಲಿ ಗಾಜಿನ ಬೀರುವಿಗೆ ಬೀಗ ಹಾಕಿ ಕೀಲಿಯನ್ನು ಹೆಡ್‌ಮಾಸ್ಟರ್ ಡ್ರಾಯರಿನಲ್ಲಿ ಇಡುತ್ತಾರೆ. ಮುಟ್ಟಿದರೆ ಒಡೆಯುತ್ತದೆ, ಒಡೆದರೆ ಯಾರು ಜವಾಬ್ದಾರಿ ಅನ್ನುವ ಭಯ. ಇಲ್ಲಿ ಕೀಲಿ ಮೇಡಂ ಸೊಂಟದಲ್ಲಿರುತ್ತಿತ್ತು. ವಾರಕ್ಕೆ ಎರಡು ಪೀರಿಯಡ್ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು. ನಾನು ಹೋಗುತ್ತಿರಲಿಲ್ಲ. ನನ್ನ ಪ್ರಾಕ್ಟಿಕಲ್ ಏನಿದ್ದರೂ ಕರಿಹಲಗೆಯ ಮೇಲೆ. ಉದ್ದೇಶ, ಸಾಮಗ್ರಿ, ವಿಧಾನ, ಫಲಿತಾಂಶ ಅಂತ ಬರೆದು, ಮಕ್ಕಳು ರೆಕಾರ್ಡ್ ಪುಸ್ತಕಕ್ಕೆ ಇಳಿಸಿಕೊಂಡ ಮೇಲೆ ಕೆಳಗೊಂದು ಸಹಿ. ಊರಲ್ಲಿ ಎಲ್ಲರೂ ಮಾಡುವುದು ಹಾಗೇ. ಪರೀಕ್ಷೆಯಲ್ಲಿ ಚಿತ್ರ ಬರೆದರೆ ಅಂಕ ಬರುತ್ತದೆ, ಕೈ ಸುಟ್ಟುಕೊಂಡರೆ ಬರುವುದಿಲ್ಲ.

ಮೇಡಂ ಫಲಿತಾಂಶ ಬರೆಸುತ್ತಿರಲಿಲ್ಲ. ಆ ಜಾಗವನ್ನು ಖಾಲಿ ಬಿಡಿಸುತ್ತಿದ್ದರು. ಮಗು ಪುಸ್ತಕ ನೋಡಿ ತುಂಬಿಸಿಕೊಂಡು ಬಂದರೆ, "ಪುಸ್ತಕಕ್ಕೆ ಏನ್ ಕಾಣಿಸ್ತು ಅಂತ ಕೇಳ್ಲಿಲ್ಲ. ನಿಂಗೇನ್ ಕಾಣಿಸ್ತು?" ಅನ್ನುತ್ತಿದ್ದರು. ಕೆಲವು ಮಕ್ಕಳು ಅಳುತ್ತಿದ್ದವು. ಅತ್ತರೆ ಕರಗುವ ಹೆಂಗಸಲ್ಲ.

ಒಂದು ಸಲ ಇಲಾಖೆಯವರು ತಪಾಸಣೆಗೆ ಬಂದರು. ಎಂಟನೇ ಕ್ಲಾಸಿನ ರೆಕಾರ್ಡ್ ತೆಗೆದು ನೋಡಿದರೆ, ಎಲೆಯಲ್ಲಿ ಪಿಷ್ಟ ಇದೆಯೇ ಅನ್ನುವ ಪ್ರಯೋಗಕ್ಕೆ ಇಡೀ ಕ್ಲಾಸು 'ಬಣ್ಣ ಬರಲಿಲ್ಲ' ಅಂತ ಬರೆದಿದೆ. ಅಯೋಡಿನ್ ಹಾಕಿದರೆ ಎಲೆ ನೀಲಿಗಟ್ಟಬೇಕು, ಐದನೇ ಕ್ಲಾಸಿನ ಮಗುವಿಗೂ ಗೊತ್ತು. ಸಾಹೇಬರು ಕನ್ನಡಕ ತೆಗೆದರು.

"ಏನಮ್ಮ ಇದು? ತಪ್ಪು ಉತ್ತರ ಬರೆಸಿ ಟಿಕ್ ಬೇರೆ ಹಾಕಿದೀರಿ!"

"ತಪ್ಪಲ್ಲ ಸಾರ್. ಸ್ಕೂಲ್ ಡೇ ಅಂತ ಹೂಕುಂಡಗಳನ್ನೆಲ್ಲ ಮೂರು ದಿನ ಸ್ಟೋರ್ ರೂಮಲ್ಲಿಟ್ಟಿದ್ರು. ಬಿಸಿಲಿಲ್ಲ, ಪಿಷ್ಟ ಇಲ್ಲ. ಬಣ್ಣ ಎಲ್ಲಿಂದ ಬರುತ್ತೆ? ಯಾಕೆ ಬರ್ಲಿಲ್ಲ ಅಂತ ಮಕ್ಕಳೇ ಕಂಡುಹಿಡಿದಿದಾರೆ, ಮುಂದಿನ ಪುಟ ತಿರುವಿ."

ಸಾಹೇಬರು ಮುಂದಿನ ಪುಟ ತಿರುವಲಿಲ್ಲ. ಹೋಗುವಾಗ ಹೆಡ್‌ಮಾಸ್ಟರಿಗೆ, "ಆ ಯಮ್ಮಂಗೆ ಸ್ವಲ್ಪ ಹೇಳಿ" ಅಂದು ಹೋದರು. ಹೆಡ್‌ಮಾಸ್ಟರು ಹೇಳಿದರು. ಮೇಡಂ ಕೇಳಿಸಿಕೊಂಡು ಲ್ಯಾಬಿಗೆ ಹೋದರು.

ಅವರನ್ನು ಇಷ್ಟಪಡುವುದು ಸುಲಭವಿರಲಿಲ್ಲ. ನಾನಂತೂ ಇಷ್ಟಪಡಲಿಲ್ಲ. ಅದಕ್ಕೊಂದು ಕಾರಣವಿದೆ, ಮುಚ್ಚಿಡುವುದಿಲ್ಲ. ನಾನು ಸೇರಿದ ಎರಡನೇ ವರ್ಷ. ಓಮನ ನಿಯಮದ ಪ್ರಯೋಗದ ರೆಕಾರ್ಡುಗಳ ರಾಶಿ ಸ್ಟಾಫ್ ರೂಮಿನ ಮೇಜಿನ ಮೇಲಿತ್ತು. ಮೇಡಂ ಒಂದೊಂದಾಗಿ ನಾಲ್ಕೈದು ತೆರೆದು ನೋಡಿದರು. ಅಲ್ಲೇ ನಾಲ್ಕು ಜನ ಮೇಷ್ಟ್ರುಗಳಿದ್ದರು, ಚಾಕ್‌ಪೀಸ್ ಕೇಳಲು ಬಂದ ಇಬ್ಬರು ಮಕ್ಕಳೂ ಇದ್ದರು.

"ಸಾರ್, ನಿಮ್ಮ ಕ್ಲಾಸಲ್ಲಿ ನಲವತ್ತು ಜನಕ್ಕೂ ಅಮ್ಮೀಟರ್ ಒಂದೇ ರೀಡಿಂಗ್ ಕೊಟ್ಟಿದೆ. ಪವಾಡ ಕಣ್ರೀ. ಆ ಅಮ್ಮೀಟರ್ ಮುಳ್ಳು ಮುರಿದು ಎರಡು ವರ್ಷ ಆಯ್ತು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಇಬ್ಬರು ಮಕ್ಕಳು ಮಾತ್ರ ನಗದೆ ನನ್ನ ಮುಖ ನೋಡಿದರು. ಆವತ್ತಿನಿಂದ ನಾನು ಅವರ ಜೊತೆ ಕಾಫಿಗೆ ಹೋಗಲಿಲ್ಲ.

ಇದಾಗಿ ಮೂರು ವರ್ಷಕ್ಕೆ ನೀರಿನ ವಿಷಯ ಬಂತು.

ಗಣೇಶನ ಹಬ್ಬ ಮುಗಿದಿತ್ತು. ಶಾಲೆಯಲ್ಲಿ ಮಕ್ಕಳು ಗೈರುಹಾಜರಾಗುವುದು ಜಾಸ್ತಿಯಾಯಿತು. ವಾಂತಿ, ಹೊಟ್ಟೆನೋವು, ಭೇದಿ. ಏಳನೇ ಕ್ಲಾಸಿನ ಇಬ್ಬರಿಗೆ ಕಾಮಾಲೆ. "ಹಬ್ಬದ ತಿಂಡಿ, ರೋಡ್ ಸೈಡ್ ಪಾನಿಪುರಿ" ಅಂದರು ಹೆಡ್‌ಮಾಸ್ಟರು. ಹತ್ತನೇ ಕ್ಲಾಸಿನಲ್ಲಿ ಚೈತ್ರ ಅನ್ನುವ ಹುಡುಗಿ ಇದ್ದಳು, ಜರಗನಹಳ್ಳಿಯಿಂದ ನಡೆದುಕೊಂಡು ಬರುತ್ತಿದ್ದಳು. ಅವಳು ಕ್ಲಾಸಿನಲ್ಲಿ ಎದ್ದು ನಿಂತು, "ಮೇಡಂ, ಪಾನಿಪುರಿ ತಿನ್ನದೇ ಇರೋರಿಗೂ ಬಂದಿದೆ. ನೀರು ಟೆಸ್ಟ್ ಮಾಡ್ಬಹುದಾ?" ಅಂದಳು.

ಮೇಡಂ ಯಾವುದೋ ಅಂಗಡಿಯಿಂದ ನೀರು ಪರೀಕ್ಷೆಯ ಪುಟ್ಟ ಗಾಜಿನ ಬಾಟಲಿಗಳನ್ನು ತಂದರು. ಬಳಸುವುದು ಸುಲಭ. ಒಳಗೆ ಔಷಧಿ ಹಚ್ಚಿದ ಒಂದು ಕಾಗದದ ಪಟ್ಟಿ ಇರುತ್ತದೆ. ಗೆರೆಯವರೆಗೆ ನೀರು ತುಂಬಿ, ಮುಚ್ಚಿ, ಒಂದೆರಡು ದಿನ ಬಿಡಬೇಕು. ನೀರಿಗೆ ಮಲದ ಸೋಂಕು ಇದ್ದರೆ ಕಪ್ಪಾಗುತ್ತದೆ, ಇಲ್ಲದಿದ್ದರೆ ಇದ್ದ ಹಾಗೇ ಇರುತ್ತದೆ. ಮಕ್ಕಳು ಐದು ಕಡೆಯ ನೀರು ಹಿಡಿದರು. ಒಬ್ಬರ ಮನೆಯ ಕಾವೇರಿ ನೀರು, ಒಬ್ಬರ ಮನೆಯ ಟ್ಯಾಂಕರ್ ನೀರು, ಚೈತ್ರನ ವಠಾರದ ಬೋರ್‌ವೆಲ್ ನೀರು, ಮೇಡಂ ಮನೆಯಲ್ಲಿ ಕಾಯಿಸಿ ಆರಿಸಿದ ನೀರು, ಮತ್ತು ನಮ್ಮ ಶಾಲೆಯ ಫಿಲ್ಟರಿನ ನೀರು. ನಲ್ಲಿಯ ಬಾಯಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಎರಡು ನಿಮಿಷ ನೀರು ಹರಿಯಬಿಟ್ಟು, ಆಮೇಲೆ ಹಿಡಿಯಬೇಕು ಅಂತ ನಿಂತು ಮಾಡಿಸಿದರು.

ಮೂರನೇ ದಿನ ಒಂದೇ ಒಂದು ಬಾಟಲಿ ಕಪ್ಪಾಗಿತ್ತು. ಶಾಲೆಯದು.

ಮಕ್ಕಳು ಕಂಡದ್ದನ್ನು ಕಂಡ ಹಾಗೆ ಬರೆದವು. ನಲವತ್ತು ರೆಕಾರ್ಡ್ ಪುಸ್ತಕಗಳಲ್ಲಿ, ನಲವತ್ತು ಥರದ ಅಕ್ಷರಗಳಲ್ಲಿ, 'ನಮ್ಮ ಶಾಲೆಯ ನೀರು ಕುಡಿಯಲು ಯೋಗ್ಯವಲ್ಲ.' ಮೇಡಂ ಎಲ್ಲದಕ್ಕೂ ಸಹಿ ಹಾಕಿ, ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡು ಹೆಡ್‌ಮಾಸ್ಟರ್ ಕೋಣೆಗೆ ಹೋದರು.

ಮುಂದಿನ ವರ್ಷದ ಅಡ್ಮಿಷನ್ನಿಗೆ ಫಾರಂ ಕೊಡಲು ಶುರುಮಾಡುವ ಹೊತ್ತು ಅದು. ಶಾಲೆ ನಡೆಸುವ ಟ್ರಸ್ಟಿನ ಕಾರ್ಯದರ್ಶಿ ಅರ್ಧ ಗಂಟೆಯಲ್ಲಿ ಕಾರಿನಲ್ಲಿ ಬಂದಿಳಿದರು. ಬಾಗಿಲು ಮುಚ್ಚಿದ್ದರೂ ಅವರ ದನಿ ಪಕ್ಕದ ಸ್ಟಾಫ್ ರೂಮಿಗೆ ಕೇಳುತ್ತಿತ್ತು.

"ಮಕ್ಕಳ ಕೈಲಿ ಇದನ್ನೆಲ್ಲ ಮಾಡ್ಸೋಕೆ ಸಿಲಬಸ್ಸಲ್ಲಿದೆಯೇನ್ರೀ?"

"ನೀರು ಕುಡಿಯೋದೂ ಸಿಲಬಸ್ಸಲ್ಲಿಲ್ಲ ಸಾರ್. ಕುಡೀತಿದಾರಲ್ಲ."

"ಆ ಪೇಜ್‌ಗಳನ್ನ ಹರಿದುಹಾಕ್ಸಿ ಬೇರೆ ಬರೆಸಿ."

"ಬೇರೆ ಬರೀಬೇಕು ಅಂದ್ರೆ ನೀರು ಬೇರೆ ಬರಬೇಕು. ಪೈಪ್ ರಿಪೇರಿ ಮಾಡ್ಸಿ, ಮತ್ತೆ ಟೆಸ್ಟ್ ಮಾಡ್ತೀವಿ, ಮತ್ತೆ ಬರೀತೀವಿ."

ಮರುದಿನ ಹೆಡ್‌ಮಾಸ್ಟರು ನನ್ನನ್ನು ಕರೆದರು. ಕೂರಿಸಿ ಕಾಫಿ ತರಿಸಿದರು. ಐದು ವರ್ಷದಲ್ಲಿ ಅದು ಮೊದಲನೇ ಸಲ.

"ಸಾರ್, ಮೇಡಂ ಎಲ್ಲೋ ಏನೋ ಎಡವಿದಾರೆ ಅನ್ಸುತ್ತೆ. ಮಕ್ಕಳ ಕೈ ಕೊಳೆ ಇರುತ್ತೆ, ಅದ್ರಿಂದ್ಲೂ ಕಪ್ಪಾಗಿರ್ಬಹುದು. ನೀವು ಸೈನ್ಸ್‌ನೋರು, ಸಮಾಧಾನದ ಮನುಷ್ಯ. ನೀವೊಂದ್ಸಲ ಟೆಸ್ಟ್ ಮಾಡಿ ಬರ್ಕೊಡಿ." ಆಮೇಲೆ, ಏನೋ ನೆನಪಾದವರಂತೆ, "ನಿಮ್ಮ ಕನ್ಫರ್ಮೇಷನ್ ಆರ್ಡರ್ ಸೆಕ್ರೆಟರಿ ಟೇಬಲ್ ಮೇಲಿದೆ. ಈ ವಾರ ಸಹಿ ಆಗುತ್ತೆ" ಅಂದರು.

ಹೀಗೇ ಬರೆದುಕೊಡಿ ಅಂತ ಅವರು ಹೇಳಲಿಲ್ಲ. ಅದನ್ನು ನನ್ನ ಕೈಗೇ ಬಿಟ್ಟರು.

ಮೇಡಂ ತಂದಿದ್ದ ಬಾಟಲಿಗಳಲ್ಲಿ ಉಳಿದಿದ್ದ ಒಂದನ್ನು ತೆಗೆದುಕೊಂಡು ಮಧ್ಯಾಹ್ನ ಫಿಲ್ಟರಿನ ಮುಂದೆ ನಿಂತೆ. ಸುತ್ತ ಯಾರೂ ಇರಲಿಲ್ಲ. ನಲ್ಲಿ ತಿರುಗಿಸಿದೆ. ಬಾಟಲಿಯನ್ನು ನೀರಿನ ಧಾರೆಯ ಹತ್ತಿರ ತೆಗೆದುಕೊಂಡೂ ಹೋದೆ. ಅಷ್ಟರವರೆಗೆ ನಿಜವಾದ ಪರೀಕ್ಷೆಯನ್ನೇ ಮಾಡುತ್ತಿದ್ದೆ ಅಂತ ಇವತ್ತಿಗೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆಮೇಲೆ ನಲ್ಲಿ ನಿಲ್ಲಿಸಿದೆ. ಗಂಟಲು ಕಟ್ಟಿದೆ ಅಂತ ಹೆಂಡತಿ ಫ್ಲಾಸ್ಕಿನಲ್ಲಿ ಕುದಿಸಿದ ನೀರು ಕೊಟ್ಟು ಕಳಿಸಿದ್ದಳು. ಸ್ಟಾಫ್ ರೂಮಿಗೆ ಹೋಗಿ ಅದನ್ನು ಬಾಟಲಿಯ ಗೆರೆಯವರೆಗೆ ತುಂಬಿ, ಮುಚ್ಚಳ ಬಿಗಿ ಮಾಡಿ, ಮೇಲೆ ದಿನಾಂಕ ಬರೆದೆ. ಆ ಶಾಲೆಯಲ್ಲಿ ನಾನು ಕೈಯಾರೆ ಮಾಡಿದ ಮೊದಲ ಪ್ರಾಕ್ಟಿಕಲ್ ಅದು. ಮುಳ್ಳು ಮುರಿದ ಅಮ್ಮೀಟರು ಆ ಹೊತ್ತಿಗೆ ನನಗೆ ನೆನಪಾಯಿತು, ಆ ನಗುವೂ ನೆನಪಾಯಿತು. ನೌಕರಿಯ ಭಯಕ್ಕೆ ಮಾಡಿದೆ ಅಂದರೆ ಅರ್ಧ ಮಾತ್ರ ನಿಜ.

ಎರಡು ದಿನದ ಮೇಲೆ ಹೆಡ್‌ಮಾಸ್ಟರು ಆ ಬಾಟಲಿಯನ್ನು ಹತ್ತನೇ ಕ್ಲಾಸಿಗೆ ತೆಗೆದುಕೊಂಡು ಹೋಗಿ ಎತ್ತಿ ಹಿಡಿದರು. ನಾನು ಪಕ್ಕದಲ್ಲಿ ನಿಂತಿದ್ದೆ. "ನೋಡ್ರಪ್ಪ, ಸಾರ್ ಸರಿಯಾದ ವಿಧಾನದಲ್ಲಿ ಮತ್ತೆ ಟೆಸ್ಟ್ ಮಾಡಿದಾರೆ. ಎಲ್ಲಿದೆ ಕಪ್ಪು?" ಮೇಡಂ ಬಾಗಿಲ ಹತ್ತಿರ ಇದ್ದರು. ಬಂದು ಬಾಟಲಿ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಯಾವ ನಲ್ಲೀಲಿ ಹಿಡಿದ್ರಿ ಸಾರ್?"

"ಫಿಲ್ಟರ್ ನಲ್ಲೀಲೇ ಮೇಡಂ."

"ಸ್ಪಿರಿಟ್ಟಲ್ಲಿ ಒರೆಸಿದ್ರಾ?"

"ಹ್ಞೂಂ."

"ಸರಿ," ಅಂದು ಬಾಟಲಿ ವಾಪಸ್ ಕೊಟ್ಟರು. ನಾನು ಜಗಳಕ್ಕೆ ಸಿದ್ಧನಾಗಿ ನಿಂತಿದ್ದೆ. ಉತ್ತರಗಳನ್ನು ಮನೆಯಿಂದಲೇ ಜೋಡಿಸಿಕೊಂಡು ಬಂದಿದ್ದೆ. ಅವರು ಜಗಳವಾಡಲಿಲ್ಲ.

ಅದೇ ವಾರ ನನ್ನ ನೌಕರಿ ಕಾಯಂ ಆಯಿತು. ಮೇಡಂ ಅವರನ್ನು ಹತ್ತನೇ ಕ್ಲಾಸಿನಿಂದ ತೆಗೆದು ಆರನೇ ಕ್ಲಾಸಿಗೂ ಲೈಬ್ರರಿಗೂ ಹಾಕಿದರು. ಹತ್ತರ ಪೂರ್ತಿ ವಿಜ್ಞಾನ ನನ್ನ ಪಾಲಿಗೆ ಬಂತು. ಲ್ಯಾಬಿನ ಕೀಲಿಯೂ ಬಂತು. ಮೊದಲ ದಿನವೇ ಮಕ್ಕಳಿಗೆ ರೆಕಾರ್ಡ್ ತೆಗೆಯಲು ಹೇಳಿ, ನೀರಿನ ಪ್ರಯೋಗದ ಪುಟ ಹರಿದುಹಾಕಿಸಿ, ಹೊಸ ಪುಟದಲ್ಲಿ ಬರೆಸಿದೆ. "ಫಲಿತಾಂಶ. ನೀರಿನ ಬಣ್ಣ ಬದಲಾಗಲಿಲ್ಲ. ನೀರು ಕುಡಿಯಲು ಯೋಗ್ಯವಾಗಿದೆ. ಬರ್ಕೊಂಡ್ರಾ?" ನಲವತ್ತು ತಲೆಗಳು ಬಗ್ಗಿ ಬರೆದವು. ನಲವತ್ತಕ್ಕೂ ಸಹಿ ಹಾಕಿದೆ.

ಇನ್ನೊಂದು ಮಾತು ಹೇಳದಿದ್ದರೆ ಈ ಬರಹವೂ ಆ ಅರ್ಧ ಪುಟದ ಹಾಗೇ ಆಗುತ್ತದೆ. ಆಗ ನನ್ನ ಮಗಳು ಅದೇ ಶಾಲೆಯಲ್ಲಿ ಯುಕೆಜಿ. ಬಾಟಲಿಗೆ ಫ್ಲಾಸ್ಕಿನ ನೀರು ತುಂಬಿದ ದಿನದ ಮರುಬೆಳಿಗ್ಗೆಯಿಂದ ಅವಳಿಗೆ ಮನೆಯಿಂದ ಕುದಿಸಿದ ನೀರು ಕೊಟ್ಟು ಕಳಿಸಿದೆ. "ಸ್ಕೂಲಲ್ಲಿ ಒಂದು ಗುಟುಕೂ ಕುಡೀಬಾರ್ದು ಪುಟ್ಟ" ಅಂತ ಆಣೆ ಹಾಕಿಸಿಕೊಂಡೆ. ಬೇರೆಯವರ ಮಕ್ಕಳು ಮಧ್ಯಾಹ್ನ ಊಟವಾದ ಮೇಲೆ ಫಿಲ್ಟರಿನ ಮುಂದೆ ಸಾಲು ನಿಲ್ಲುತ್ತಿದ್ದವು. ನಾನು ಸ್ಟಾಫ್ ರೂಮಿನ ಕಿಟಕಿಯಿಂದ ನೋಡುತ್ತಿದ್ದೆ.

ದಸರಾ ರಜೆಯಲ್ಲಿ ಸದ್ದಿಲ್ಲದೆ ಸಂಪಿನ ಪಕ್ಕದ ನೆಲ ಒಡೆಸಿದರು. ಶೌಚಾಲಯದ ಪೈಪು ಬಿರುಕುಬಿಟ್ಟು ಸಂಪಿಗೆ ಜಿನುಗುತ್ತಿತ್ತಂತೆ. ಪೈಪ್ ಬದಲಿಸಿ, ಸಿಮೆಂಟ್ ಮೆತ್ತಿ, ಮೇಲೆ ಟೈಲ್ಸ್ ಹಾಕಿದರು. ರಜೆ ಮುಗಿಸಿ ಬಂದ ಮೇಡಂ ಆ ಹೊಸ ಟೈಲ್ಸಿನ ಮೇಲೆ ಒಂದು ನಿಮಿಷ ನಿಂತಿದ್ದರು. ವರ್ಷದ ಕೊನೆಗೆ ರಾಜೀನಾಮೆ ಕೊಟ್ಟರು. ಬೀಳ್ಕೊಡುಗೆ ಬೇಡ ಅಂದರು, ನಾವೂ ಒತ್ತಾಯ ಮಾಡಲಿಲ್ಲ.

ಆಮೇಲೆ ಲ್ಯಾಬು ಎಂಟ್ರೆನ್ಸ್ ಕೋಚಿಂಗಿನ ಕೋಣೆಯಾಯಿತು. ಗಾಜಿನ ಬೀರು ಮೆಟ್ಟಿಲ ಕೆಳಗೆ ಹೋಯಿತು. ನಾನು ಸೀನಿಯರ್ ಆದೆ.

ಕಳೆದ ವರ್ಷ ಅವರಿಗೆ ಕಾಯಿಲೆ, ಕಿಮೋ ನಡೀತಿದೆ ಅಂತ ಸುದ್ದಿ ಬಂತು. ಒಂದು ಭಾನುವಾರ ಸಂಜೆ ನಾಲ್ಕಕ್ಕೆ ಕುಮಾರಸ್ವಾಮಿ ಲೇಔಟಿನ ಅವರ ಮನೆಗೆ ಹೋದೆ. ಕಷ್ಟಸುಖ ವಿಚಾರಿಸಲು ಅಂತ ಮನೆಯಲ್ಲಿ ಹೇಳಿದ್ದೆ. ಹೋದದ್ದು ಎದೆಯ ಮೇಲಿನ ಭಾರ ಇಳಿಸಿಕೊಳ್ಳಲು. ಅವರು ಹೋಗಿಬಿಟ್ಟರೆ ಆ ಭಾರ ನನ್ನ ಹತ್ತಿರವೇ ಉಳಿಯುತ್ತದೆ ಅನ್ನುವ ಗಾಬರಿ.

ಮೊದಲ ಮಹಡಿ. ಬಾಗಿಲು ತೆರೆದಿತ್ತು. ಹಾಲಿನಲ್ಲಿ ಚಾಪೆಯ ಮೇಲೆ ಆರು ಮಕ್ಕಳು ನೋಟ್ಸ್ ಬರೆಯುತ್ತಿದ್ದವು. ತಲೆಗೆ ಸ್ಕಾರ್ಫ್ ಸುತ್ತಿಕೊಂಡ ಮೇಡಂ ಕುರ್ಚಿಯಲ್ಲಿ ಕೂತು ಡಿಕ್ಟೇಷನ್ ಕೊಡುತ್ತಿದ್ದರು. "ಫಲಿತಾಂಶ. ಎಲೆಯು ಕಡುನೀಲಿ ಬಣ್ಣಕ್ಕೆ ತಿರುಗಿತು. ಫುಲ್ ಸ್ಟಾಪ್. ಇದು ನಾಲ್ಕು ಮಾರ್ಕ್ಸಿಗೆ ಬರುತ್ತೆ."

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅವರು ನನ್ನ ಮುಖ ನೋಡಿ, "ಬನ್ನಿ ಸಾರ್. ಏನ್ ಹಾಗೆ ನೋಡ್ತೀರಿ? ಪೇರೆಂಟ್ಸ್ ಕೇಳೋದೇ ಇದು. ಆಸ್ಪತ್ರೆಯೋರಿಗೆ ದುಡ್ಡಿನ ಬದಲು ಈರುಳ್ಳಿ ಸಿಪ್ಪೆ ಕೊಟ್ರೆ ಇಟ್ಕೋತಾರಾ?" ಅಂದರು.

ಮಕ್ಕಳು ಹೋದ ಮೇಲೆ ಅವರ ಅಕ್ಕ ಕಾಫಿ ತಂದಿಟ್ಟು ಒಳಗೆ ಹೋದರು. ನಾನು ಲೋಟ ಮುಟ್ಟದೆ ಶುರುಮಾಡಿದೆ.

"ಮೇಡಂ, ಆವತ್ತು ಆ ಬಾಟಲಿ..."

"ಗೊತ್ತು ಸಾರ್. ಕಾಯಿಸಿದ ನೀರು."

"ಯಾವಾಗ ಗೊತ್ತಾಯ್ತು?"

"ನಿಮ್ಮ ಫ್ಲಾಸ್ಕ್ ನೋಡಿದ್ದೆ, ಆವತ್ತೇ ಅನುಮಾನ ಇತ್ತು. ಆಮೇಲೆ ಮಕ್ಕಳು ಗೊತ್ತು ಮಾಡಿದ್ರು." ಕಾಫಿಯನ್ನು ನನ್ನ ಕಡೆ ಸರಿಸಿದರು. "ನೀವು ಪುಟ ಹರಿದುಹಾಕ್ಸಿ ಬರೆಸಿದ್ರಲ್ಲ, ಅದಾದ ಮಾರನೇ ದಿನ ಚೈತ್ರ, ಇನ್ನೂ ನಾಲ್ಕೈದು ಜನ ಸೇರ್ಕೊಂಡು ಅದೇ ಥರದ ಬಾಟಲಿ ತಂದು, ಅದೇ ನಲ್ಲೀಲಿ ನೀರು ಹಿಡಿದು ಅವಳ ಮನೇಲಿಟ್ಟಿದಾರೆ. ಕಪ್ಪಾಯ್ತು. ಕ್ಲಾಸಿಗೆಲ್ಲ ತೋರ್ಸಿ ನನ್ನ ಹತ್ರ ತಂದ್ರು. ಇದನ್ನ ಎಲ್ಲಿಗೆ ಕೊಡೋಣ ಮೇಡಂ, ಪೇಪರಿನೋರಿಗೆ ಕೊಡೋಣ್ವಾ ಅಂತ ಕೇಳಿದ್ರು."

"ನೀವೇನಂದ್ರಿ?"

"ಬಿಸಾಕಿ ಅಂದೆ."

ನನಗೆ ಅರ್ಥವಾಗಲಿಲ್ಲ. ಪೈಪ್ ರಿಪೇರಿ ಮಾಡಿಸಲು ಬಾವಿಗಾದರೂ ಬೆಂಕಿಗಾದರೂ ಹಾರುವ ಹೆಂಗಸು ಅಂದುಕೊಂಡಿದ್ದೆ.

"ನನ್ನನ್ನ ಹತ್ತನೇ ಕ್ಲಾಸಿಂದ ತೆಗೆದಾಗಿತ್ತು. ಪರೀಕ್ಷೆಗೆ ಐದು ತಿಂಗಳು. ಅವರಿಗೆ ಉಳಿದಿದ್ದು ನೀವೊಬ್ರೇ. ಸಾರ್ ಸುಳ್ಳು ಅಂತ ಬೀದೀಲಿ ಕೂಗಿದ್ಮೇಲೆ ನಿಮ್ಮ ಮುಂದೆ ಕೂತು ಪಾಠ ಹೇಗೆ ಕೇಳ್ತಾರೆ? ಅದಕ್ಕೇ ಬಿಸಾಕಿಸ್ದೆ. ಎಲ್ಲರೂ ಮನೆಯಿಂದ ನೀರು ತನ್ನಿ, ಚಿಕ್ಕ ಕ್ಲಾಸಿನೋರಿಗೂ ಒಬ್ಬೊಬ್ರಾಗಿ ಹೇಳಿ ಅಂದೆ. ಎಷ್ಟು ಜನಕ್ಕೆ ಹೇಳಿದ್ರೋ." ತಲೆಯ ಸ್ಕಾರ್ಫ್ ಸರಿಮಾಡಿಕೊಂಡರು. "ನಾನು ಮಾಡಿದ್ದು ತಪ್ಪು ಸಾರ್. ಚೈತ್ರ ಆಮೇಲೆ ನನ್ನ ಜೊತೇನೂ ಮಾತಾಡ್ಲಿಲ್ಲ."

ಕ್ಷಮಿಸಿ ಅನ್ನಲು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು. "ಬೇಡ. ನಂಗೆ ಸುಸ್ತಾಗ್ತಿದೆ. ಕಾಫಿ ಕುಡಿದು ಹೊರಡಿ."

ಎರಡು ತಿಂಗಳಿಗೆ ತೀರಿಕೊಂಡರು.

ಆವತ್ತು ಅವರ ಮನೆಯ ಮೆಟ್ಟಿಲು ಇಳಿದು ಬೈಕ್ ಸ್ಟಾರ್ಟ್ ಮಾಡದೆ ತುಂಬಾ ಹೊತ್ತು ರಸ್ತೆಯಲ್ಲೇ ನಿಂತಿದ್ದೆ. ಆ ವರ್ಷದ ಹತ್ತನೇ ಕ್ಲಾಸು ಕಣ್ಣ ಮುಂದೆ ಬಂತು. ಆ ಐದು ತಿಂಗಳು ಅಂಥ ಒಳ್ಳೆಯ ಕ್ಲಾಸು ನನಗೆ ಹಿಂದೆಯೂ ಸಿಕ್ಕಿರಲಿಲ್ಲ, ಮುಂದೆಯೂ ಸಿಗಲಿಲ್ಲ ಅಂತ ಎಲ್ಲರ ಹತ್ತಿರ ಹೇಳಿಕೊಂಡು ಬಂದವನು ನಾನು. ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದರು. ತಲೆ ಎತ್ತುತ್ತಿರಲಿಲ್ಲ. ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ನಾನು ಅದನ್ನು ಮರ್ಯಾದೆ ಅಂದುಕೊಂಡಿದ್ದೆ.